ಹಬ್ಬದ ದಿನಗಳಲ್ಲಿ ಹಾಲಿನ ದಾರಿ

(ದಸರೆಗೆ ಮುನ್ನ ನಡೆದ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಹಬ್ಬ ಬಂತೆಂದರೆ ಕಚೇರಿಗೆ ರಜೆ ಉಂಟು, ಶಾಲೆಗೆ ರಜೆ ಉಂಟು, ಬ್ಯಾಂಕಿಗೆ ರಜೆ ಉಂಟು. ಹಸುವಿನ ಕೆಚ್ಚಲಿಗೆ ಮಾತ್ರ ರಜೆ ಇಲ್ಲ. ಆಯುಧಪೂಜೆಯ ದಿನವೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀವು ಹಾಲು ಕರೆಯಲೇಬೇಕು, ಕ್ಯಾನು ಹಿಡಿದು ಸಂಘದ ಬಾಗಿಲಿಗೆ ಬರಲೇಬೇಕು. ಊರೆಲ್ಲ ರಜೆಯ ಮೇಲೆ ರಸ್ತೆಗೆ ಇಳಿದಿರುವಾಗ ಕೆಲಸದ ಮೇಲೆ ರಸ್ತೆಗೆ ಇಳಿಯುವವರು ನೀವು. ಆದ್ದರಿಂದ ಇವತ್ತು ನಾನು ಜಿಡ್ಡಿನಾಂಶದ ವಿಷಯವನ್ನಾಗಲಿ, ಕಾಲುಬಾಯಿ ಜ್ವರದ ಲಸಿಕೆಯ ವಿಷಯವನ್ನಾಗಲಿ ಎತ್ತುವುದಿಲ್ಲ. ಕೊಟ್ಟಿಗೆಯಿಂದ ಸಂಘದವರೆಗಿನ ದಾರಿಯ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಮಂಡ್ಯ ಜಿಲ್ಲೆ ಬೆಂಗಳೂರಿಗೂ ಮೈಸೂರಿಗೂ ನಡುವೆ ಇದೆ. ದಸರೆಯ ಹತ್ತು ದಿನ ಈ ಎರಡು ಊರುಗಳ ನಡುವೆ ಓಡಾಡುವ ವಾಹನವೆಲ್ಲ ನಮ್ಮ ಹೊಲ ಗದ್ದೆಗಳ ಪಕ್ಕದಲ್ಲೇ ಹಾದು ಹೋಗಬೇಕು. ಪಟ್ಟಣದವರು ದಟ್ಟಣೆ ತಪ್ಪಿಸಿಕೊಳ್ಳಲೆಂದು ಬೆಳಗಿನ ಜಾವ ನಾಲ್ಕಕ್ಕೇ ಮನೆ ಬಿಡುತ್ತಾರೆ. ದೀಪಾಲಂಕಾರ, ಪಂಜಿನ ಕವಾಯತು ನೋಡಿದವರು ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಹಿಂದಿರುಗುತ್ತಾರೆ. ನಿದ್ದೆಗಣ್ಣಿನ ಈ ಚಾಲಕರು ನಿಮ್ಮ ಊರಿನ ಬಳಿ ಬರುವ ಹೊತ್ತು ಯಾವುದು? ನೀವು ಕ್ಯಾನು ಹಿಡಿದು ರಸ್ತೆ ದಾಟುವ ಹೊತ್ತೇ. ಅಕ್ಟೋಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಆರು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿ. ಸಂಕ್ರಾಂತಿಯ ಕಾಲಕ್ಕೆ ಹುಟ್ಟುವುದು ಆರೂ ಮುಕ್ಕಾಲಕ್ಕೆ ಹೋಗುತ್ತದೆ, ಮೇಲೆ ಮಂಜು ಬೇರೆ. ಅಂದರೆ ಹಾಲಿನ ಎರಡು ಹೊತ್ತೂ ನಸುಗತ್ತಲಿನ ಹೊತ್ತೇ. ಚಾಲಕನ ಕಣ್ಣು ಹೆಚ್ಚು ಮೋಸ ಹೋಗುವುದೂ ಆಗಲೇ.

2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಸವದತ್ತಿಯ ಕಡೆಯಿಂದ ದೇವರ ದರ್ಶನ ಮುಗಿಸಿಕೊಂಡು ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರ ವಾಹನ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಗುದ್ದಿತು. 13 ಮಂದಿ ಸತ್ತರು. ಅಷ್ಟು ದೊಡ್ಡ ಲಾರಿಯೇ ಆ ಹೊತ್ತಿನಲ್ಲಿ ಹೀಗಾದರೆ, ಕಪ್ಪು ಕಂಬಳಿ ಹೊದ್ದು ಕ್ಯಾನು ಹಿಡಿದು ಹೋಗುವ ನೀವು ಎಷ್ಟರ ಮಟ್ಟಿಗೆ ಕಂಡೀರಿ? ನಿಮ್ಮ ಹಿಂದೆ ಬರುವ ಕಪ್ಪು ಎಮ್ಮೆ ಎಷ್ಟರ ಮಟ್ಟಿಗೆ ಕಂಡೀತು?

ಇದಕ್ಕೊಂದು ಸರಳ ಲೆಕ್ಕವಿದೆ, ಹಾಲಿನ ಲೆಕ್ಕಕ್ಕಿಂತ ಕಷ್ಟವೇನಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನಿಗೆ ನೀವು ಕಂಡು, ಅವನು ಬ್ರೇಕು ಒತ್ತಿ, ಗಾಡಿ ನಿಲ್ಲುವ ಹೊತ್ತಿಗೆ ಒಣ ರಸ್ತೆಯಲ್ಲೂ ಸುಮಾರು 60 ಮೀಟರ್ ಸಾಗಿರುತ್ತದೆ. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ದೀಪವನ್ನು ತಗ್ಗಿಸಿಕೊಂಡು ಬರುವ ಕಾರಿನವನಿಗೆ ಕಡುಬಣ್ಣದ ಬಟ್ಟೆಯವರು ಕಾಣುವುದು 30-40 ಮೀಟರಿನಷ್ಟು ಹತ್ತಿರ ಬಂದ ಮೇಲೆ. ಉಳಿದ 20 ಮೀಟರನ್ನು ಅವನು ಎಲ್ಲಿಂದ ತರಬೇಕು? ಅವನು ಒಳ್ಳೆಯವನಿರಬಹುದು, ಕುಡಿಯದವನಿರಬಹುದು, ಮನೆಯವರನ್ನೆಲ್ಲ ಕೂರಿಸಿಕೊಂಡು ಬಂದ ಗೃಹಸ್ಥನೇ ಇರಬಹುದು. ಲೆಕ್ಕ ಮಾತ್ರ ಹೊಂದುವುದಿಲ್ಲ.

ವೇಗ ಕಡಿಮೆ ಮಾಡುವುದು ಅವನ ಕೈಯಲ್ಲಿದೆ. ದೂರದಿಂದಲೇ ಕಾಣಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಅದೊಂದೇ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಗಡಿಗಳಲ್ಲಿ ಸುರುಳಿಗಟ್ಟಲೆ ಸಿಗುತ್ತದೆ. ಅದರ ಒಂದು ಗೇಣು ತುಂಡನ್ನು ಹಾಲಿನ ಕ್ಯಾನಿನ ಸುತ್ತ ಅಂಟಿಸಿ. ಕಾರಿನ ದೀಪ ತಾಗಿದರೆ 100 ಮೀಟರಿಗೂ ಆಚೆಯಿಂದಲೇ ಅದು ಮಿನುಗುತ್ತದೆ. ಅಂಟಿಸುವಾಗ ಕ್ಯಾನಿನ ಹೊರಮೈಯ ನಡುಭಾಗಕ್ಕೆ ಅಂಟಿಸಿ, ಬಾಯಿಯ ಹತ್ತಿರ ಬೇಡ. ಅಲ್ಲಿ ಕೊಳೆ ಕೂತರೆ ತೊಳೆಯುವುದು ಕಷ್ಟ, ಹಾಲಿನ ಗುಣಮಟ್ಟಕ್ಕೂ ಒಳ್ಳೆಯದಲ್ಲ. ಕಂಬಳಿಯ ಮೇಲೆ ಒಂದು ಬಿಳಿ ಟವೆಲ್ ಹೊದೆಯಿರಿ, ಕೈಯಲ್ಲೊಂದು ಬ್ಯಾಟರಿ ಇರಲಿ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಆಗ ಎದುರಿಗೆ ಬರುವ ಗಾಡಿ ನಿಮ್ಮ ಕಣ್ಣಿಗೇ ಬೀಳುತ್ತದೆ, ಹಿಂದಿನಿಂದ ಬಂದು ಗುದ್ದುವುದಿಲ್ಲ. ಮೂರು ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋಗುವಾಗ ಸಾಲಾಗಿ ಹೋಗಿ, ಪಕ್ಕಪಕ್ಕದಲ್ಲಿ ಬೇಡ. ಮಾತಿಗೆ ಸಂಘದ ಮುಂದೆ ಬೇಕಾದಷ್ಟು ಹೊತ್ತು ಸಿಗುತ್ತದೆ!

ಇನ್ನು ರಾಸುಗಳು. ಹಸು ದಾರಿಯ ಈಚೆಗೂ ಕರು ಆಚೆಗೂ ಉಳಿದರೆ ಏನಾಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಎಷ್ಟೇ ಸಾಧುವಾದ ಹಸುವೂ ಹಗ್ಗ ಕಿತ್ತುಕೊಂಡು ನುಗ್ಗುತ್ತದೆ. ಆದ್ದರಿಂದ ದಾಟಿಸುವಾಗ ತಾಯಿ ಕರು ಜೊತೆಗೇ ಇರಲಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಇರಬೇಕು, ಕತ್ತಲಾಗಿದ್ದರೆ ಹಿಂದಿನವರ ಕೈಯಲ್ಲಿ ಬೆಳಕಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ದಯವಿಟ್ಟು ಬಿಡಿ. ಹಾರನ್ ಸದ್ದಿಗೋ ಪಟಾಕಿಗೋ ಹಸು ಬೆದರಿ ಓಡಿದರೆ ಸುತ್ತಿದ ಹಗ್ಗ ಬಿಡಿಸಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ, ಅದು ನಿಮ್ಮನ್ನೂ ಎಳೆದುಕೊಂಡೇ ಹೋಗುತ್ತದೆ. ಹಗ್ಗವನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿಯಿರಿ. ದೀಪಾವಳಿಯ ಮೂರು ದಿನ ಸಂಜೆಗೆ ಮೊದಲೇ ರಾಸುಗಳನ್ನು ಕೊಟ್ಟಿಗೆಗೆ ಸೇರಿಸಿಬಿಡುವುದು ಉತ್ತಮ. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸುವ ಜಾಗ ದೊಡ್ಡ ರಸ್ತೆಯ ಪಕ್ಕದಲ್ಲಿ ಬೇಡ. ಬೆಂಕಿಗೆ ಬೆದರಿದ ಎತ್ತು ಹೊಲದ ಕಡೆ ಓಡಿದರೆ ಹುಡುಕಿ ತರಬಹುದು. ಹೆದ್ದಾರಿಯ ಕಡೆ ಓಡಿದರೆ ಎತ್ತೂ ಹೋಗುತ್ತದೆ, ಬೈಕಿನಲ್ಲಿ ಬರುವವನೂ ಹೋಗುತ್ತಾನೆ. ಅಂದ ಹಾಗೆ, ಕೊಂಬಿಗೆ ಬಣ್ಣ ಬಳಿಯುವ ಹಬ್ಬ ಅದೇ ಅಲ್ಲವೇ? ಬಣ್ಣ ಒಣಗಿದ ಮೇಲೆ ಕೊಂಬಿಗೂ ಹೊಳೆಯುವ ಪಟ್ಟಿಯ ಒಂದೊಂದು ಸುತ್ತು ಹಾಕಿ.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಪಕ್ಕದ ಊರುಗಳವರಿಗೆ ಪ್ರತ್ಯೇಕ ಮಾತು ಹೇಳಬೇಕು. 119 ಕಿಲೋಮೀಟರ್ ಉದ್ದದ ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ ಯಾವುದೂ ಹತ್ತಬಾರದೆಂದು ನಿಷೇಧಿಸಲಾಯಿತು. ಇದರಿಂದ ಬೇಸರವಾದವರು ನಮ್ಮಲ್ಲಿ ಅನೇಕರಿದ್ದಾರೆ. ನಮ್ಮ ಭೂಮಿ ಕೊಟ್ಟು ನಮಗೇ ದಾರಿ ಇಲ್ಲವೆಂಬ ಮಾತು ನನ್ನ ಕಿವಿಗೂ ಬಿದ್ದಿದೆ, ಆ ಮಾತಿನಲ್ಲಿ ನೋವಿದೆ ಎಂಬುದನ್ನೂ ಬಲ್ಲೆ. ಆದರೂ 100 ಕಿಲೋಮೀಟರ್ ವೇಗದ ಕಾರುಗಳ ನಡುವೆ ಕ್ಯಾನು ಕಟ್ಟಿದ ಮೊಪೆಡ್ಡಿಗೆ ಜಾಗವಿಲ್ಲವೆಂಬುದು ನಿಜ. ಬೇಲಿ ಕಿತ್ತಿರುವ ಸಂದಿಯಲ್ಲಿ ರಾಸು ದಾಟಿಸುವುದನ್ನಂತೂ ಯಾರೂ ಮಾಡಬಾರದು. ಕೆಳಸೇತುವೆ ಒಂದು ಕಿಲೋಮೀಟರ್ ಸುತ್ತಾದರೂ ಅದೇ ದಾರಿ. ಹಬ್ಬದ ದಿನ ಇನ್ನೊಂದು ತೊಂದರೆಯಿದೆ. ಮೇಲಿನ ಪಥ ಕಿಕ್ಕಿರಿದಾಗ ಕಾರುಗಳು ಸರ್ವೀಸ್ ರಸ್ತೆಗೆ ಇಳಿದು ಅಲ್ಲಿಯೂ ಅದೇ ವೇಗದಲ್ಲಿ ಓಡುತ್ತವೆ. ಪ್ರತಿದಿನ ಖಾಲಿಯಾಗಿರುವ ರಸ್ತೆಯೆಂದು ನಂಬಿ ಸರ್ವೀಸ್ ರಸ್ತೆಗೆ ಥಟ್ಟನೆ ನುಗ್ಗಬೇಡಿ.

ದ್ವಿಚಕ್ರದ ವಿಷಯಕ್ಕೆ ಬರುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು 75 ಸಾವಿರ ಜನ ದ್ವಿಚಕ್ರದಲ್ಲಿದ್ದವರು, ಸುಮಾರು 33 ಸಾವಿರ ಜನ ಕಾಲ್ನಡಿಗೆಯವರು. ಅಂದರೆ ಸತ್ತವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಓಡಾಡುವವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ. ಹಿಂದೆ ಕೂತವರೂ ಹೆಲ್ಮೆಟ್ ಧರಿಸಬೇಕೆಂಬ ಕಟ್ಟುನಿಟ್ಟು ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಇದೆ. ಆದರೆ ನಮ್ಮ ಹಳ್ಳಿಗಳಲ್ಲಿ ಹೆಲ್ಮೆಟ್ ಇರುವುದು ಪೊಲೀಸರ ಸಲುವಾಗಿ. ಟೌನಿನ ಹತ್ತಿರ ತಲೆಗೆ ಏರುತ್ತದೆ, ಊರಿನ ಗಡಿಯಲ್ಲಿ ಟ್ಯಾಂಕಿನ ಮೇಲೆ ಇಳಿಯುತ್ತದೆ. ಸಂಘಕ್ಕೆ ಅರ್ಧ ಮೈಲಿ ತಾನೇ ಎನ್ನುವವರಿಗೆ ನಾನು ಕೇಳುವುದಿಷ್ಟೇ: ಆ ಅರ್ಧ ಮೈಲಿಯ ಟಾರು ಮೆತ್ತಗಿದೆಯೇ?

ಅಕ್ಕಪಕ್ಕದವರ ಹಾಲನ್ನೂ ಸೇರಿಸಿ ತರುವವರು ಬೈಕಿನ ಎರಡು ಬದಿಗೆ 40 ಲೀಟರಿನ ಎರಡು ಕ್ಯಾನು ಕಟ್ಟುತ್ತೀರಿ. ಹಾಲು ಕ್ಯಾನು ಎರಡೂ ಸೇರಿ 100 ಕಿಲೋ ಹತ್ತಿರ ಬರುತ್ತದೆ. ಹಿಂದೆ ಇಬ್ಬರನ್ನು ಕೂರಿಸಿಕೊಂಡಷ್ಟೇ ಭಾರ, ಬೇಕೆಂದ ಕಡೆ ಗಾಡಿ ನಿಲ್ಲುವುದಿಲ್ಲ. ಅದರಲ್ಲೂ ಅರ್ಧ ತುಂಬಿದ ಕ್ಯಾನು ಪೂರ್ತಿ ತುಂಬಿದ್ದಕ್ಕಿಂತ ಅಪಾಯ. ತಿರುವಿನಲ್ಲಿ ಹಾಲು ಒಳಗೆ ಕುಲುಕಿ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದೆ. ಎರಡೂ ಬದಿಗೆ ಸಮವಾಗಿ ಹಂಚಿ, ಮುಚ್ಚಳ ಬಿಗಿ ಮಾಡಿ, ನಿಧಾನವಾಗಿ ಬನ್ನಿ. ಹ್ಯಾಂಡಲಿಗೆ ಕ್ಯಾನು ತೂಗುಹಾಕುವುದು ಖಂಡಿತ ಬೇಡ. ಟಿವಿಎಸ್ ಗಾಡಿಯ ಹಿಂದೆ ಸೀಮೆಹುಲ್ಲಿನ ಹೊರೆ ಹಾಕಿದಾಗ ಅದು ಹಿಂದಿನ ಕೆಂಪು ದೀಪವನ್ನು ಪೂರಾ ಮುಚ್ಚುತ್ತದೆ, ನೋಡಿದ್ದೀರಾ? ಹಿಂದಿನವನಿಗೆ ಕಾಣುವುದು ಕತ್ತಲೆಯಲ್ಲಿ ಚಲಿಸುವ ಒಂದು ಪೊದೆ. ಹೊರೆಯ ಹೊರಗೆ ಕಾಣುವಂತೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿದ ಹಲಗೆಯನ್ನೋ ಹಳೆಯ ತಗಡನ್ನೋ ಕಟ್ಟಿಬಿಡಿ. ಹಿಂದೆ ಕೂರುವ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಚಕ್ರಕ್ಕೆ ಸೆರಗು ಸಿಕ್ಕಿ ಆಗುವ ಅನಾಹುತಕ್ಕೆ ವೇಗವೂ ಬೇಕಾಗಿಲ್ಲ.

ಹಬ್ಬದ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ, ಹಾಲು ಹಾಕಿ ಬಾ ಎಂದು ಹದಿನಾಲ್ಕರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುತ್ತೇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಂತಹ ಹುಡುಗ ಅಪರಾಧ ಮಾಡಿದರೆ ಶಿಕ್ಷೆ ತಂದೆಗೆ ಅಥವಾ ವಾಹನದ ಮಾಲೀಕನಿಗೆ: ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಇದು ಕಾನೂನಿನ ಮಾತಾಯಿತು. ಹುಡುಗನಿಗೆ ಏನಾದರೂ ಆದರೆ ಏನು ಎಂಬುದನ್ನು ತಾಯಂದಿರ ಮುಂದೆ ನಾನು ಬಾಯಿಬಿಟ್ಟು ಹೇಳಲಾರೆ.

ಈಗ ಟ್ರ್ಯಾಕ್ಟರು. ಕಬ್ಬಿನ ಸಾಗಾಣಿಕೆಯ ಕಾಲದಲ್ಲಿ ಟ್ರೈಲರಿನ ಹಿಂದೆ ದೀಪವಿಲ್ಲದೆ, ಹೊರಚಾಚಿದ ಕಬ್ಬಿನ ಗರಿಯಲ್ಲಿ ಎಲ್ಲವೂ ಮುಚ್ಚಿಹೋಗಿ ನಿಂತಿರುವ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ. ಹಿಂದೆ ಕೆಂಪು ಪ್ರತಿಫಲಕ ಇರಲೇಬೇಕೆಂಬುದು ನಿಯಮ. ಟೈರು ಪಂಕ್ಚರ್ ಆದರೆ ಗಾಡಿಯನ್ನು ಮಣ್ಣಿನ ಅಂಚಿಗೆ ಇಳಿಸಿ, ಇಳಿಸಲಾಗದಿದ್ದರೆ ಐವತ್ತು ಹೆಜ್ಜೆ ಹಿಂದೆ ಎದ್ದು ಕಾಣುವಂತೆ ಗುರುತು ಇಟ್ಟು ಒಬ್ಬರು ಬ್ಯಾಟರಿ ಹಿಡಿದು ನಿಲ್ಲಿ. ಗುರುತಿಗೆ ಇಟ್ಟ ಕಲ್ಲುಗಳನ್ನು ಹೊರಡುವಾಗ ಎತ್ತಿ ಬಿಸಾಡಿ. ರಸ್ತೆಯ ನಡುವೆ ಬಿಟ್ಟುಹೋದ ಕಲ್ಲು ರಾತ್ರಿಯ ಬೈಕಿನವನನ್ನು ಕೊಲ್ಲುತ್ತದೆ.

ಟ್ರೈಲರಿನಲ್ಲಿ ಜನರನ್ನು ತುಂಬಿಕೊಂಡು ಜಾತ್ರೆಗೆ, ಮುಡಿ ಕೊಡುವುದಕ್ಕೆ, ಬೀಗರೂಟಕ್ಕೆ ಹೋಗುವುದು ಇನ್ನೂ ನಿಂತಿಲ್ಲ. 2022ರ ಅಕ್ಟೋಬರ್ 1, ನವರಾತ್ರಿಯ ದಿನ. ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, ಮಗುವಿನ ಮುಡಿ ತೆಗೆಸಿಕೊಂಡು ದೇವಸ್ಥಾನದಿಂದ ವಾಪಸಾಗುತ್ತಿದ್ದವರ ಟ್ರ್ಯಾಕ್ಟರ್ ಟ್ರೈಲರು ರಸ್ತೆ ಬದಿಯ ಹೊಂಡಕ್ಕೆ ಮಗುಚಿತು. 25ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು ಮಕ್ಕಳು. ಟ್ರೈಲರಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಮಗುಚಿದರೆ ಅದರ ಹೊಟ್ಟೆಯ ಕೆಳಗೇ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯಲ್ಲಂತೂ ರಸ್ತೆಯ ಪಕ್ಕ ಹೊಂಡ ಮಾತ್ರವಲ್ಲ, ನಾಲೆಗಳೇ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಮುಳುಗಿದ್ದನ್ನು ನಾವು ಕಂಡಿದ್ದೇವೆ. ಆ ನಾಲೆಯ ಏರಿಯ ಮೇಲೆ ಜನ ತುಂಬಿದ ಟ್ರೈಲರು ಓಡಿಸುವ ಧೈರ್ಯ ಯಾರಿಗೂ ಬಾರದಿರಲಿ.

ಹಣದ ಮಾತೂ ಇದೆ, ಇದನ್ನು ಟ್ರ್ಯಾಕ್ಟರ್ ಮಾಲೀಕರು ಗಮನವಿಟ್ಟು ಕೇಳಬೇಕು. ಸಾಮಾನು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಕೂತು ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಟ್ಟಿದೆ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಪರಿಹಾರ ಕಟ್ಟಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗಿರುವುದೂ ಉಂಟು. ಹೇಗೆ ಬಂದರೂ ಕೊನೆಗೆ ಹೊರೆ ಬೀಳುವುದು ಮಾಲೀಕನ ಜಮೀನಿನ ಮೇಲೆ. ಊರವರಿಗೆ ಉಪಕಾರ ಮಾಡಲು ಹೋಗಿ ಹಸು ಹೊಲ ಎರಡನ್ನೂ ಕಳೆದುಕೊಳ್ಳುವುದು ಬೇಡ. ಹತ್ತು ಮನೆಯವರು ಸೇರಿ ಬಸ್ಸು ಗೊತ್ತುಮಾಡಿದರೆ ತಲೆಗೆ ಬೀಳುವ ಖರ್ಚು ಹೆಚ್ಚೇನಲ್ಲ.

ಮೆರವಣಿಗೆಯ ಬಗ್ಗೆ ಯುವಕ ಸಂಘದವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಯ ಮೇಲೆ ನಿಯಂತ್ರಣ ತಪ್ಪಿದ ಲಾರಿ ಹರಿದು ಒಂಬತ್ತು-ಹತ್ತು ಜೀವ ಹೋದವು. ಬಹುತೇಕರು ಓದುವ ವಯಸ್ಸಿನ ಹುಡುಗರು. ಹೆದ್ದಾರಿಯಲ್ಲಿ ಮೆರವಣಿಗೆ ಮಾಡಲೇಬೇಡಿ, ಊರೊಳಗಿನ ಬೀದಿಯಲ್ಲಿ ಮಾಡಿ. ದೊಡ್ಡ ರಸ್ತೆ ದಾಟಲೇಬೇಕಾದರೆ ಪೊಲೀಸರಿಗೆ ಮೊದಲೇ ತಿಳಿಸಿ, ನೂರು ಮೀಟರ್ ಹಿಂದೆ ಮುಂದೆ ಕೆಂಪು ದೀಪದೊಡನೆ ಇಬ್ಬಿಬ್ಬರನ್ನು ನಿಲ್ಲಿಸಿ.

ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರು ರಸ್ತೆಗೆ ಹರಡುವುದನ್ನು ಎಷ್ಟು ಸಾರಿ ಹೇಳಿದರೂ ಬಿಡುತ್ತಿಲ್ಲ. ಕಣ ಮಾಡುವುದಕ್ಕೆ ಜಾಗವಿಲ್ಲ, ಆಳು ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಹುರುಳಿ ಸೊಪ್ಪು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹತ್ತಿ ಕಾರುಗಳು ಸುಟ್ಟುಹೋಗಿವೆ. ಬೈಕಿನವರು ಅದರ ಮೇಲೆ ಜಾರಿದರೆ ಎಣ್ಣೆಯ ಮೇಲೆ ಜಾರಿದ ಹಾಗೆ. ಜಾರುವವರು ಯಾರೋ ಪಟ್ಟಣದವರೇ ಆಗಬೇಕೆಂದಿಲ್ಲ, ಹಾಲು ತರುವ ನಿಮ್ಮ ಪಕ್ಕದ ಮನೆಯವರೇ ಆಗಿರಬಹುದು. ಪಂಚಾಯಿತಿಯವರು ಊರಿಗೊಂದು ಕಾಂಕ್ರೀಟ್ ಕಣ ಮಾಡಿಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಗ್ರಾಮಸಭೆಯಲ್ಲಿ ಕೇಳಿ.

ಇಷ್ಟಾದರೂ ಅಪಘಾತ ಆಯಿತೆನ್ನಿ. ಮೊದಲು 108ಕ್ಕೆ ಫೋನು ಮಾಡಿ, ಈ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಗಾಯಾಳುವನ್ನು ಮುಟ್ಟಿದರೆ ಪೊಲೀಸು ಕೋರ್ಟು ಎಂದು ಅಲೆಯಬೇಕೆಂಬ ಭಯ ಬೇಡ. 2019ರ ತಿದ್ದುಪಡಿಯ 134ಎ ಕಲಮು ಸದುದ್ದೇಶದಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ನಿಮ್ಮ ಹೆಸರು ಹೇಳೆಂದು ಯಾರೂ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ಹಣ ಕಟ್ಟದೆ ದೊರೆಯಬೇಕು. ಆಸ್ಪತ್ರೆಯಲ್ಲಿ ಈ ಮಾತನ್ನು ನೀವೇ ಎತ್ತಿ. ಗುದ್ದಿದ ಗಾಡಿ ಪತ್ತೆಯಾಗದೆ ಓಡಿಹೋದರೂ ಪರಿಹಾರವಿದೆ: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಪೊಲೀಸ್ ದೂರು ದಾಖಲಾಗದೆ ಇದು ಸಿಗುವುದಿಲ್ಲ. ಊರಿನ ಹಿರಿಯರು ಸ್ಥಳದಲ್ಲೇ ಐದೋ ಹತ್ತೋ ಸಾವಿರ ಕೊಡಿಸಿ ರಾಜಿ ಮಾಡಿಸಿದರೆ, ಆಮೇಲೆ ಕಾಲು ತೆಗೆಯಬೇಕೆಂದು ವೈದ್ಯರು ಹೇಳಿದಾಗ ಕೇಳುವವರಿರುವುದಿಲ್ಲ. ವಿಮೆ ಮಾಡಿಸಿದ ರಾಸು ಸತ್ತರೆ ಕಿವಿಯೋಲೆ ತೆಗೆಯದೆ, ಹೂಳದೆ, ಸಂಘದ ಕಾರ್ಯದರ್ಶಿಗೂ ಪಶುವೈದ್ಯರಿಗೂ ತಿಳಿಸಿ.

ಆಡಳಿತ ಮಂಡಳಿಯವರಿಗೆ ಒಂದು ವಿನಂತಿ ಮಾಡಿ ನನ್ನ ಮಾತು ಮುಗಿಸುತ್ತೇನೆ. ನಮ್ಮ ಎಷ್ಟೋ ಸಂಘಗಳ ಬಾಗಿಲು ತೆರೆಯುವುದು ನೇರವಾಗಿ ರಸ್ತೆಗೆ. ಹಾಲಿನ ಸರತಿ ಟಾರಿನ ಮೇಲೆ ನಿಲ್ಲುತ್ತದೆ, ಪಕ್ಕದಲ್ಲಿ ಬೈಕುಗಳು, ಮಕ್ಕಳು. ದಸರೆ ಶುರುವಾಗುವುದಕ್ಕೆ ಮುಂಚೆ ಸರತಿಯನ್ನು ಕಟ್ಟಡದ ಪಕ್ಕಕ್ಕೋ ಹಿತ್ತಿಲಿಗೋ ತಿರುಗಿಸಿ, ಬಾಗಿಲ ಹೊರಗೆ ಒಂದು ಒಳ್ಳೆಯ ದೀಪ ಹಾಕಿಸಿ. ಹೊಳೆಯುವ ಪಟ್ಟಿಯ ಒಂದೆರಡು ಸುರುಳಿಯನ್ನು ಸಂಘದಲ್ಲೇ ತರಿಸಿಟ್ಟುಕೊಂಡು, ಹಾಲು ಅಳೆಯುವಾಗ ಪಟ್ಟಿ ಇಲ್ಲದ ಕ್ಯಾನು ಕಂಡರೆ ಪರೀಕ್ಷಕರೇ ಒಂದು ತುಂಡು ಅಂಟಿಸಿ ಕೊಡಲಿ. ಈ ಖರ್ಚಿಗೆ ಮಂಡಳಿಯ ಮುಂದಿನ ಸಭೆಯಲ್ಲೇ ನಿರ್ಣಯ ಮಾಡಿ. ಈ ಕೆಲಸ ಆಯುಧಪೂಜೆಗೆ ಮೊದಲೇ ಆಗಬೇಕು.